'ಬರೀ ಬೆಕ್ಕು ತಾನೇ!'

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಬೆಕ್ಕು ಸತ್ತಿತು. ಅದಕ್ಕೆ ಯಾರೂ ಕಲ್ಲು ಹೊಡೆದಿರಲಿಲ್ಲ, ಅದರ ಮೇಲೆ ವಾಹನ ಹಾದಿರಲಿಲ್ಲ, ನಾಯಿಯೂ ಕಚ್ಚಿರಲಿಲ್ಲ. ಅದನ್ನು ಕೊಂದದ್ದು ನಮ್ಮ ಅಜ್ಞಾನ.

ಒಂದು ದಿನದಿಂದ ಅದು ಸರಿಯಾಗಿ ತಿನ್ನುತ್ತಿರಲಿಲ್ಲ. ಸಂಜೆ ಮಗಳು ಅದನ್ನು ಮಡಿಲಿಗೆಳೆದುಕೊಂಡು ಕಿವಿ ಮುಟ್ಟಿ ನೋಡಿ, 'ಉಮ್ಮಾ, ಇದಕ್ಕೆ ಜ್ವರ ಬಂದಿದೆ' ಎಂದಳು. ನಾವೂ ಮುಟ್ಟಿ ನೋಡಿದೆವು. ಬಿಸಿಯಾಗಿಯೇ ಇತ್ತು. ಪಶು ಆಸ್ಪತ್ರೆಯ ಬಾಗಿಲು ಆಗಲೇ ಮುಚ್ಚಿತ್ತು. ಬೀದಿಯ ಕೊನೆಯ ಮೆಡಿಕಲ್ ಅಂಗಡಿಯಲ್ಲಿ ಕೇಳಿದಾಗ, ಮಕ್ಕಳಿಗೆ ಕೊಡುವ ಜ್ವರದ ಸಿರಪ್ಪನ್ನೇ ಸ್ವಲ್ಪ ಕಡಿಮೆ ಪ್ರಮಾಣದಲ್ಲಿ ಕೊಡಿ ಎಂಬ ಸಲಹೆ ಸಿಕ್ಕಿತು. ಕೊಟ್ಟೆವು. ಮಧ್ಯರಾತ್ರಿಯ ಹೊತ್ತಿಗೆ ಬೆಕ್ಕಿನ ಮುಖ ಊದಿಕೊಂಡಿತು. ಒಸಡು ಕಂದು ಬಣ್ಣಕ್ಕೆ ತಿರುಗಿತು. ಬಾಯಿ ತೆರೆದು ಉಸಿರೆಳೆಯತೊಡಗಿತು. ಸುಬಹಿಯ ಬಾಂಗ್ ಕೇಳುವಾಗ ಅದು ತಣ್ಣಗಾಗಿತ್ತು.

ಬೆಳಿಗ್ಗೆ ಸಮಾಧಾನ ಹೇಳಲು ಬಂದವರೆಲ್ಲರ ಬಾಯಲ್ಲೂ ಒಂದೇ ಮಾತು: 'ಬರೀ ಬೆಕ್ಕು ತಾನೇ! ಇನ್ನೊಂದು ತಂದರಾಯಿತು.' ಈ ಲೇಖನವಿರುವುದು ಆ ಮಾತಿನ ವಿರುದ್ಧ. ಯಾಕೆಂದರೆ ಆ ಮಾತನ್ನು ನಾವೂ ಎಷ್ಟೋ ಸಲ ಬೇರೆಯವರ ಮನೆಯಲ್ಲಿ ಆಡಿದ್ದೇವೆ.

ಆಮೇಲೆ ಪಶುವೈದ್ಯರೊಬ್ಬರು ವಿವರಿಸಿದರು. ಬೆಕ್ಕು ಮತ್ತು ನಾಯಿಯ ಮೈಯ ಸಹಜ ಶಾಖವೇ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅಂದರೆ ನಮಗೆ ಜ್ವರವೆನಿಸುವ ಶಾಖ ಅವಕ್ಕೆ ಆರೋಗ್ಯದ ಲಕ್ಷಣ. ನಮ್ಮ ಬೆಕ್ಕಿಗೆ ಜ್ವರವಿತ್ತೋ ಇಲ್ಲವೋ ನಮಗೆ ಗೊತ್ತೇ ಇರಲಿಲ್ಲ. ನಾವು ಕೊಟ್ಟ ಸಿರಪ್ಪಿನಲ್ಲಿದ್ದದ್ದು ಪ್ಯಾರಾಸಿಟಮಾಲ್. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಅದು ರಕ್ತವನ್ನೇ ಕೆಡಿಸುತ್ತದೆ, ಕೆಟ್ಟ ರಕ್ತ ಆಮ್ಲಜನಕವನ್ನು ಹೊರಲಾರದು. ಪ್ರಾಣಿ ಗಾಳಿಯ ನಡುವೆಯೇ ಉಸಿರುಕಟ್ಟಿ ಸಾಯುತ್ತದೆ. ಇದಕ್ಕೆ ಮದ್ದು ಇಲ್ಲವೆಂದಲ್ಲ. ಮನುಷ್ಯರು ಪ್ಯಾರಾಸಿಟಮಾಲ್ ಅತಿಯಾಗಿ ನುಂಗಿದಾಗ ಕೊಡುವ ಅಸಿಟೈಲ್‌ಸಿಸ್ಟೀನ್ ಎಂಬ ಔಷಧವನ್ನೇ ಬೆಕ್ಕಿಗೂ ಕೊಡುತ್ತಾರೆ. ಆದರೆ ಅದನ್ನು ಬೇಗ ಕೊಡಬೇಕು. ಆ ರಾತ್ರಿ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಒಯ್ಯಬೇಕು ಎಂಬುದು ನಮ್ಮ ಮನೆಯ ಒಬ್ಬರಿಗೂ ಗೊತ್ತಿರಲಿಲ್ಲ. ಆರು ವರ್ಷ ಸಾಕಿದ ಪ್ರಾಣಿಯ ಬಗ್ಗೆ ಆರು ನಿಮಿಷವೂ ಹೀಗೆ ಯೋಚಿಸಿರಲಿಲ್ಲ.

ಸಾಕುವುದೆಂದರೆ ಏನು?

ಕಾಡಿನ ಪ್ರಾಣಿ ಕಾಯಿಲೆ ಬಿದ್ದರೆ ಮರೆಯಲ್ಲಿ ಮಲಗುತ್ತದೆ, ಬದುಕುತ್ತದೆ ಅಥವಾ ಸಾಯುತ್ತದೆ. ಅದು ನಮ್ಮ ಲೆಕ್ಕದಲ್ಲಿಲ್ಲ. ಆದರೆ ಒಂದು ಪ್ರಾಣಿಯ ಕೊರಳಿಗೆ ಹಗ್ಗ ಹಾಕಿದ ಕ್ಷಣದಿಂದ, ಬಾಗಿಲು ಮುಚ್ಚಿ ಒಳಗಿಟ್ಟುಕೊಂಡ ಕ್ಷಣದಿಂದ ಅದರ ಸ್ವಂತ ದಾರಿಗಳೆಲ್ಲವನ್ನೂ ನಾವು ಮುಚ್ಚಿರುತ್ತೇವೆ. ಅದು ತನಗೆ ಬೇಕಾದ ಸೊಪ್ಪನ್ನು ಹುಡುಕಿಕೊಳ್ಳಲಾರದು, ಬಿಸಿಲಿನಿಂದ ನೆರಳಿಗೆ ಓಡಲಾರದು, ನೆರೆ ಬಂದರೆ ದಿಬ್ಬ ಹತ್ತಲಾರದು. ಮುಚ್ಚಿದ ದಾರಿಗಳಿಗೆ ಪ್ರತಿಯಾಗಿ ನಾವು ಅದಕ್ಕೆ ಸಾಲಗಾರರು.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಆಹಾರ ಕೊಡದೆ, ಅದು ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಮಹಿಳೆಯ ಕತೆಯನ್ನು ನಮ್ಮ ಮದ್ರಸದ ಮಕ್ಕಳೆಲ್ಲ ಕೇಳಿದ್ದಾರೆ. ಆಕೆ ಬೆಕ್ಕಿಗೆ ಹೊಡೆದಳೆಂದು ಆ ಕತೆ ಹೇಳುವುದಿಲ್ಲ. ಆಕೆಯ ಅಪರಾಧ ಇಟ್ಟುಕೊಂಡು ನೋಡಿಕೊಳ್ಳದಿರುವುದು. ನಾವು ಈ ಕತೆಯನ್ನು ಮಕ್ಕಳಿಗೆ ಹೇಳಿ ಮುಗಿಸುತ್ತೇವೆ, ನಮಗೆ ಹೇಳಿಕೊಳ್ಳುವುದಿಲ್ಲ. ಬಾಯಾರಿದ ನಾಯಿಗಾಗಿ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತುಂಬಿ ತಂದವನ ಕತೆಯೂ ನಮಗೆ ಗೊತ್ತು. ಆದರೂ ಮನೆ ಮುಂದೆ ವಾಹನ ಬಡಿದು ಬಿದ್ದ ನಾಯಿಯನ್ನು ಕಂಡರೆ, ಮುಟ್ಟಿದರೆ ತೊಳೆಯಬೇಕಾಗುತ್ತದೆ ಎಂಬ ನೆಪ ಹೇಳಿ ಒಳಗೆ ಹೋಗುತ್ತೇವೆ. ತೊಳೆದುಕೊಳ್ಳಲು ನೀರಿದೆ. ಹೋದ ಜೀವವನ್ನು ತರಲು ಏನಿದೆ?

ಇದು ಒಂದು ಸಮುದಾಯದ ಮಾತಲ್ಲ. ಈ ನಾಡಿನಲ್ಲಿ ಪ್ರಾಣಿವೈದ್ಯಕ್ಕೆ ಹಳೆಯ ಮರ್ಯಾದೆಯಿತ್ತು. ಸುಮಾರು ಒಂಬೈನೂರು ವರ್ಷಗಳ ಹಿಂದೆ ಚಾಲುಕ್ಯ ಅರಸುಮನೆತನದ ಕೀರ್ತಿವರ್ಮ ಕನ್ನಡದಲ್ಲಿ 'ಗೋವೈದ್ಯ' ಎಂಬ ಗ್ರಂಥ ಬರೆದ. ಕುದುರೆಗಳ ವೈದ್ಯಶಾಸ್ತ್ರಕ್ಕೆ ಹೆಸರಾದ ಶಾಲಿಹೋತ್ರನ ಹೆಸರು ಎಷ್ಟು ಬಳಕೆಯಲ್ಲಿತ್ತೆಂದರೆ, ಉರ್ದುವಿನಲ್ಲಿ ಪಶುವೈದ್ಯನನ್ನು 'ಸಲೋತ್ರಿ' ಎಂದೇ ಕರೆಯುತ್ತಿದ್ದರು. ಸಂಸ್ಕೃತದ ಋಷಿಯ ಹೆಸರು ಮುಸ್ಲಿಮರ ಮನೆಮಾತಿನಲ್ಲಿ ವೃತ್ತಿಯ ಹೆಸರಾಗಿ ಉಳಿದದ್ದು ಮೂಕಪ್ರಾಣಿಗಳ ನೆಪದಿಂದ. ಇಂದು ಅದೇ ಮೂಕಪ್ರಾಣಿಗಳ ನೆಪದಲ್ಲಿ ನಾವು ಪರಸ್ಪರ ಮುಖ ನೋಡಲಾರದಷ್ಟು ದೂರವಾಗಿದ್ದೇವೆ. ಬೀದಿಯಲ್ಲಿ ಪ್ರಾಣಿಯ ಹೆಸರಿನಲ್ಲಿ ಕೂಗುವವರಿಗೆ ಕೊರತೆಯಿಲ್ಲ. ಅದೇ ಊರಿನಲ್ಲಿ ರಾತ್ರಿ ಹತ್ತಕ್ಕೆ ಹಸು ಕರು ಹಾಕಲಾರದೆ ಒದ್ದಾಡುವಾಗ ಬರುವವರು ಎಷ್ಟು ಮಂದಿ? ಪಶುವೈದ್ಯರ ಹುದ್ದೆ ಖಾಲಿಯಿದೆ ಎಂಬ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಎರಡು ಇಂಚಿನಲ್ಲಿ ಮುಗಿಯುತ್ತದೆ. ಅದಕ್ಕಾಗಿ ಯಾರೂ ರಸ್ತೆಗಿಳಿದದ್ದನ್ನು ನಾವು ಕಂಡಿಲ್ಲ.

ಎರಡು ಆಕ್ಷೇಪಗಳು

ಈ ವಿಷಯ ಎತ್ತಿದೊಡನೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು: 'ಮನುಷ್ಯರಿಗೇ ಸರಿಯಾದ ಆಸ್ಪತ್ರೆಯಿಲ್ಲ, ಬೆಕ್ಕು ನಾಯಿಗೆ ಆಂಬುಲೆನ್ಸ್ ಬೇಕೇ? ಇದೆಲ್ಲ ದುಡ್ಡಿದ್ದವರ ಶೋಕಿ.' ಈ ಮಾತು ಕೇಳಲು ಬಡವರ ಪರವಾಗಿದೆ, ಆದರೆ ಬಡವರ ಹಿತ್ತಿಲನ್ನು ನೋಡಿದವರ ಮಾತಲ್ಲ. ವಿಧವೆಯೊಬ್ಬಳು ಮೂರು ಆಡು, ಹತ್ತು ಕೋಳಿ ಸಾಕಿಕೊಂಡಿದ್ದರೆ ಅದು ಅವಳ ಬ್ಯಾಂಕು. ಮಗಳ ಶಾಲೆಯ ಶುಲ್ಕ, ತನ್ನ ಔಷಧದ ಖರ್ಚು ಎರಡೂ ಆ ಹಗ್ಗದ ತುದಿಯಲ್ಲಿವೆ. ಒಂದು ರಾತ್ರಿ ಹೊಟ್ಟೆಯುಬ್ಬರದಿಂದ ಆಡು ಸತ್ತರೆ ಅವಳ ಕೆಲವು ತಿಂಗಳ ಬದುಕು ಸತ್ತಂತೆ. ಶ್ರೀಮಂತನ ನಾಯಿಗೆ ನಗರದಲ್ಲಿ ಹವಾನಿಯಂತ್ರಿತ ಕ್ಲಿನಿಕ್ ಇದೆ, ಕಾರಿದೆ, ಚಾಲಕನಿದ್ದಾನೆ. ರಾತ್ರಿಯ ಪಶುವೈದ್ಯರು ಬೇಕಾಗಿರುವುದು ಹಿತ್ತಿಲಿನ ಆಡಿಗೆ.

ಇನ್ನೂ ಒಂದು ಮಾತಿದೆ. ಪ್ರಾಣಿಯ ಆರೋಗ್ಯ ಮತ್ತು ಮನುಷ್ಯನ ಆರೋಗ್ಯ ಎರಡಲ್ಲ. ಮನುಷ್ಯರಿಗೆ ತಗಲುವ ರೇಬಿಸ್‌ನಲ್ಲಿ ನೂರಕ್ಕೆ 99ರವರೆಗೆ ನಾಯಿಗಳಿಂದಲೇ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೂಯಿ ಪಾಶ್ಚರ್ 1885ರಲ್ಲೇ ಈ ರೋಗಕ್ಕೆ ಲಸಿಕೆ ಕೊಟ್ಟು ಒಬ್ಬ ಹುಡುಗನನ್ನು ಉಳಿಸಿದ. ಆದರೂ ನಮ್ಮಲ್ಲಿ ಇಂದಿಗೂ ಜನ ಇದರಿಂದ ಸಾಯುತ್ತಾರೆ. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಒಂದು ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದ ಅವಧಿಗೆ ಮತ್ತೊಂದು, ನಂತರ ವರ್ಷ ವರ್ಷ ಪುನರಾವರ್ತನೆ. ಇಷ್ಟನ್ನು ಮಾಡದವನು ತನ್ನ ಮಗುವನ್ನೂ ನೆರೆಮನೆಯ ಮಗುವನ್ನೂ ಅಪಾಯಕ್ಕೆ ಒಡ್ಡುತ್ತಿದ್ದಾನೆ. ಇದು ಶೋಕಿಯೇ?

ಎರಡನೆಯ ಆಕ್ಷೇಪ ನೇರವಾಗಿ ನಮ್ಮಂಥವರ ಮುಖಕ್ಕೇ ಬರುತ್ತದೆ: 'ಮಾಂಸ ತಿನ್ನುವವರಿಗೆ ಪ್ರಾಣಿದಯೆಯ ಮಾತೇಕೆ?' ಇದಕ್ಕೆ ಸಿಟ್ಟಾಗುವ ಅಗತ್ಯವಿಲ್ಲ, ಉತ್ತರ ಕೊಡುವ ಅಗತ್ಯವಿದೆ. ಆಹಾರಕ್ಕೆಂದು ಪ್ರಾಣಿಯನ್ನು ಬಳಸುವವನಿಗೆ ಅದನ್ನು ಹಿಂಸಿಸುವ, ಹಸಿವಿನಲ್ಲಿಡುವ, ಕಾಯಿಲೆಯಲ್ಲಿ ನರಳಲು ಬಿಡುವ ಅನುಮತಿ ಯಾವ ಧರ್ಮದಲ್ಲೂ ಇಲ್ಲ. ಆದರೆ ಈ ಆಕ್ಷೇಪ ಎತ್ತುವವರಿಗೆ ಬಲ ಕೊಡುತ್ತಿರುವವರೂ ನಾವೇ ಎಂಬುದನ್ನು ಒಪ್ಪಿಕೊಳ್ಳೋಣ. ಬಕ್ರೀದ್‌ಗೆ ಒಂದು ವಾರ ಮೊದಲು ಆಡು ತರುತ್ತೇವೆ. ಹುಲ್ಲು ಸೊಪ್ಪಿನ ಹೊಟ್ಟೆಗೆ ಮಕ್ಕಳು ಪ್ರೀತಿಯಿಂದ ಅನ್ನ, ಬ್ರೆಡ್ಡು, ಅಕ್ಕಿ, ಗೋಧಿ ತಿನ್ನಿಸುತ್ತಾರೆ. ಎರಡನೆಯ ದಿನ ಅದು ಹಲ್ಲು ಕಡಿಯುತ್ತಾ ಮಲಗುತ್ತದೆ, ಹೊಟ್ಟೆ ಉಬ್ಬುತ್ತದೆ, ನೀರಿನಂತೆ ಭೇದಿಯಾಗುತ್ತದೆ. ಹಬ್ಬಕ್ಕೆ ಮುಂಚೆಯೇ ಸತ್ತರೆ ಹೋದ ದುಡ್ಡಿಗಾಗಿ ಕೊರಗುತ್ತೇವೆ, ಅದು ಪಟ್ಟ ನೋವಿಗಾಗಿ ಅಲ್ಲ.

ಇದು ಆಡಿಗೆ ಮಾತ್ರ ಸೀಮಿತವಲ್ಲ. ಮದುವೆ ಮನೆಗಳಲ್ಲಿ ಉಳಿದ ಅನ್ನ, ಪಾಯಸಗಳನ್ನು ಕೊಟ್ಟಿಗೆಗೆ ಸುರಿಯುವುದನ್ನು ಪುಣ್ಯದ ಕೆಲಸವೆಂದು ತಿಳಿದವರು ಎಲ್ಲ ಜಾತಿ ಮತಗಳಲ್ಲಿದ್ದಾರೆ. ಮೆಲುಕು ಹಾಕುವ ಪ್ರಾಣಿಗೆ ಒಮ್ಮೆಲೇ ಬಹಳಷ್ಟು ಅನ್ನ ಹೋದರೆ ಹೊಟ್ಟೆಯಲ್ಲಿ ಅದು ಹುಳಿತು ಆಮ್ಲವಾಗುತ್ತದೆ. ಆ ಆಮ್ಲ ರಕ್ತಕ್ಕೆ ಸೇರಿ ಒಂದೆರಡು ದಿನದಲ್ಲಿ ಪ್ರಾಣ ತೆಗೆಯುತ್ತದೆ. ದಾನವೆಂದು ಸುರಿದದ್ದು ವಿಷವಾಯಿತು ಎಂಬುದು ಸುರಿದವನಿಗೆ ಗೊತ್ತೂ ಆಗುವುದಿಲ್ಲ.

ಗೊತ್ತಿಲ್ಲದ ವೈದ್ಯರು ನಾವೆಲ್ಲ

ನಮ್ಮ ಸಮಾಜದಲ್ಲಿ ಪ್ರಾಣಿಗೆ ಕಾಯಿಲೆ ಬಂದರೆ ಪ್ರತಿಯೊಬ್ಬರೂ ವೈದ್ಯರೇ. ಹೊಟ್ಟೆಯುಬ್ಬರಕ್ಕೆ ತಲೆಯನ್ನು ಮೇಲಕ್ಕೆತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ ಹುಯ್ಯುವವರಿದ್ದಾರೆ. ಎಣ್ಣೆ ಅನ್ನನಾಳಕ್ಕೆ ಹೋಗದೆ ಶ್ವಾಸಕೋಶಕ್ಕೆ ಹೋದರೆ ಉಬ್ಬರದಿಂದ ಬದುಕಿದ್ದು ನ್ಯುಮೋನಿಯಾದಿಂದ ಸಾಯುತ್ತದೆ. ವಿಷ ತಿಂದ ನಾಯಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವವರಿದ್ದಾರೆ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಸೀಮೆಎಣ್ಣೆ, ಆಸಿಡ್‌ನಂಥವು ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸುವುದೆಂದರೆ ಗಂಟಲನ್ನು ಎರಡನೆಯ ಸಲ ಸುಡುವುದು. ಗಾಯಕ್ಕೆ ಸುಣ್ಣ, ಖಾರದ ಪುಡಿ, ಕಾಫಿ ಪುಡಿ ಮೆತ್ತುವವರಿದ್ದಾರೆ. ಹೇನು ಉಣ್ಣಿಗೆ ನಾಯಿಯ ಬೆನ್ನಿಗೆ ಹಾಕುವ ಔಷಧವನ್ನೇ ಬೆಕ್ಕಿಗೂ ಹಾಕುವವರಿದ್ದಾರೆ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ನಡುಗುತ್ತಾ, ಸೆಳೆತ ಬಂದು ಸಾಯುತ್ತದೆ. ನಾವು ದಿನವೂ ನೆಲಕ್ಕೆ ಹಾಕುವ ಫಿನಾಯಿಲ್ ಕೂಡ ಬೆಕ್ಕಿಗೆ ವಿಷ. ಅದು ಹಸಿ ನೆಲದ ಮೇಲೆ ನಡೆದು, ಆಮೇಲೆ ತನ್ನ ಪಾದ ನೆಕ್ಕುತ್ತದೆ.

ಗಂಡು ಬೆಕ್ಕು ಮೂತ್ರ ಕಟ್ಟಿ ಮತ್ತೆ ಮತ್ತೆ ಕುಳಿತು ತಿಣುಕುತ್ತಾ ಕೂಗಿದರೆ ಅದಕ್ಕೆ ಮಲಬದ್ಧತೆಯೆಂದು ಹರಳೆಣ್ಣೆ ಕೊಡುತ್ತಾರೆ. ನಿಜವಾಗಿ ಅದು ಒಂದೆರಡು ದಿನದೊಳಗೆ ಪ್ರಾಣ ಹೋಗುವ ತುರ್ತು. ಹಸು ಜೊಲ್ಲು ಸುರಿಸುತ್ತಾ ನುಂಗಲಾರದೆ ನಿಂತರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕುತ್ತಾರೆ. ರೇಬಿಸ್ ತಗಲಿದ ಹಸುವೂ ಹೀಗೆಯೇ ಕಾಣುತ್ತದೆ. ಹಾಗೆ ಕೈ ಹಾಕಿದವರು ಸಾವಿಗೇ ಕೈ ಚಾಚಿದಂತೆ. ಹಾವು ಕಚ್ಚಿದ ನಾಯಿಗೆ ಕಾಲು ಬಿಗಿದು ಕಟ್ಟಿ, ಗಾಯ ಕೊಯ್ದು, ಮಂತ್ರ ಹಾಕಿಸಲು ಓಡುತ್ತಾರೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷವಿದೆ, ಪ್ರಾಣಿಗಳಿಗೂ ಅದನ್ನೇ ಕೊಡುತ್ತಾರೆ. ಮಂತ್ರಕ್ಕೆ ಕಳೆದ ಒಂದು ಗಂಟೆಯೇ ಎಷ್ಟೋ ಸಲ ಬದುಕು ಸಾವಿನ ನಡುವಿನ ಅಂತರ.

ಇದನ್ನೆಲ್ಲ 'ವಿಧಿ' ಎಂದು ಕರೆದು ಸುಮ್ಮನಾಗುವುದು ನಮಗೆ ಅಭ್ಯಾಸವಾಗಿದೆ. ಒಂಟೆಯನ್ನು ಮೊದಲು ಕಟ್ಟಬೇಕು, ಆಮೇಲೆ ದೇವರ ಮೇಲೆ ಭರವಸೆಯಿಡಬೇಕೆಂದು ಕಲಿತವರು ನಾವು. ಕಟ್ಟದೆ ಬಿಟ್ಟ ಒಂಟೆ ಓಡಿಹೋದಾಗ ವಿಧಿಯನ್ನು ದೂರುವ ಹಕ್ಕು ನಮಗಿದೆಯೇ?

ಜಾಹೀರಾತಿನ ನಾಯಿಗಳು

ಇನ್ನೊಂದು ಬಗೆಯ ಸಾಕಣೆಯ ಬಗ್ಗೆಯೂ ಹೇಳಲೇಬೇಕು. 2003ರಲ್ಲಿ ಹಚ್ ಮೊಬೈಲ್ ಕಂಪೆನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ನಡೆದ ಪಗ್ ನಾಯಿ ಮನೆಮನೆಯ ಮಾತಾಯಿತು. ಪಗ್‌ನ ಮೂಗು ಚಪ್ಪಟೆ, ಉಸಿರಿನ ದಾರಿ ಇಕ್ಕಟ್ಟು. ಬಿಸಿಲಿನಲ್ಲಿ ಅದು ತನ್ನ ಮೈಯನ್ನು ತಂಪು ಮಾಡಿಕೊಳ್ಳಲಾರದು. ಇತ್ತೀಚೆಗೆ ಹಿಮದ ನಾಡಿನ ಹಸ್ಕಿ ನಾಯಿಗಳು ಕಲಬುರಗಿ, ಬಳ್ಳಾರಿಯ ಬಿಸಿಲಿಗೂ ಬಂದಿವೆ. ಮಾರುವವನಿಗೆ ಲಾಭ, ಕೊಳ್ಳುವವನಿಗೆ ಫೋಟೊ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಏದುಸಿರು ಬಿಡುತ್ತಾ ಕುಸಿದಾಗ ನೋಡುವವರಿಲ್ಲ.

2020ರ ಲಾಕ್‌ಡೌನ್ ಕಾಲದಲ್ಲಿ ಪ್ರಾಣಿಗಳಿಂದ ಕೊರೊನಾ ಬರುತ್ತದೆಂಬ ಗಾಳಿಸುದ್ದಿಗೆ ಹೆದರಿ ಸಾಕಿದ ನಾಯಿ ಬೆಕ್ಕುಗಳನ್ನು ಬೀದಿಗೆ ಬಿಟ್ಟವರೂ ನಮ್ಮ ನಡುವೆಯೇ ಇದ್ದರು. ಪಶು ಆಸ್ಪತ್ರೆಗಳು ತೆರೆದಿರಬಹುದೆಂದು ಸರ್ಕಾರವೇ ಹೇಳಿತ್ತು, ಮುಚ್ಚಿದ್ದು ನಮ್ಮ ಮನೆಯ ಬಾಗಿಲು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗೆ ತುತ್ತಾಗುವಂತೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಮೊದಲ ತಪ್ಪಿಗೆ ಗೊತ್ತುಪಡಿಸಿದ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಹೋಟೆಲಿನ ಒಂದು ತಿಂಡಿಯ ಬೆಲೆಗೆ ಒಂದು ಜೀವದ ಲೆಕ್ಕ ಚುಕ್ತಾ ಆಗುತ್ತದೆ.

ನೆರೆಯ ಕಾಲದಲ್ಲೂ ಇದೇ ಕತೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿದರು. ಅವರನ್ನು ದೂಷಿಸಲಾಗದು. ಆದರೆ ಓಡುವ ಮುಂಚೆ ಹಗ್ಗ ಬಿಚ್ಚಿಬಿಟ್ಟರೆ ದನ ಈಜಿಯಾದರೂ ಬದುಕೀತು, ಕಟ್ಟಿದ್ದಲ್ಲೇ ಬಿಟ್ಟರೆ ಮುಳುಗುವುದು ಖಂಡಿತ. ಕುಡುಗೋಲಿನಿಂದ ಹಗ್ಗ ಕೊಯ್ಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನೆನಪಾಗಬೇಕಾದರೆ ಮಳೆಗಾಲಕ್ಕೆ ಮುಂಚೆಯೇ ಮನೆಯಲ್ಲಿ ಅದರ ಮಾತು ಆಗಿರಬೇಕು.

ಹಾಗಾದರೆ ಏನು ಮಾಡಬೇಕು?

ಬೈದು ಮುಗಿಸುವುದು ಸುಲಭ. ಮಾಡಬೇಕಾದ್ದನ್ನೂ ಹೇಳೋಣ. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಮೊದಲನೆಯದು, ಇಂದೇ ಒಂದು ಕಾಗದ ತೆಗೆದುಕೊಂಡು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ, ಒಬ್ಬ ಖಾಸಗಿ ಪಶುವೈದ್ಯರು, ಅವರು ಸಿಗದಿದ್ದರೆ ಇನ್ನೊಬ್ಬರು, ಪ್ರಾಣಿಯನ್ನು ಕೂರಿಸಿಕೊಳ್ಳಲು ಒಪ್ಪುವ ಒಬ್ಬ ಆಟೋದವರು, ಈ ನಾಲ್ಕು ಫೋನ್ ನಂಬರು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಜಾನುವಾರುಗಳಿಗಾಗಿ ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಗಳಿವೆ, 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬೇಕು. ನಿಮ್ಮ ತಾಲ್ಲೂಕಿನಲ್ಲಿ ಅದು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಬರುತ್ತದೆಂದು ಇಂದೇ ಕೇಳಿ ತಿಳಿದುಕೊಳ್ಳಿ. ತುರ್ತಿನ ರಾತ್ರಿ ಕೇಳಬೇಕಾದ ಪ್ರಶ್ನೆ ಅದಲ್ಲ.

ಎರಡನೆಯದು, ಒಂದು ಹಳೆಯ ಬಿಸ್ಕತ್ತು ಡಬ್ಬ. ಅದರಲ್ಲಿ ಒಗೆದ ಹತ್ತಿ ಬಟ್ಟೆ, ಬ್ಯಾಂಡೇಜ್ ಸುರುಳಿ, ಡಿಜಿಟಲ್ ಥರ್ಮಾಮೀಟರ್, ಟಾರ್ಚ್, ದಪ್ಪ ಟವಲ್, ಪ್ರಾಣಿಯ ಲಸಿಕೆ ಕಾರ್ಡು. ಬೆಕ್ಕಿದ್ದರೆ ಮುಚ್ಚಳವಿರುವ ಒಂದು ಬುಟ್ಟಿ. ಅದರ ತೂಕ ಬರೆದಿಟ್ಟಿರಿ, ಔಷಧದ ಪ್ರಮಾಣ ಲೆಕ್ಕ ಹಾಕಲು ವೈದ್ಯರು ಮೊದಲು ಕೇಳುವುದು ಅದನ್ನೇ. ತಿಂಗಳಿಗೆ ಐವತ್ತೋ ನೂರೋ ರೂಪಾಯಿಯನ್ನು ಅದರ ಹೆಸರಿಗೇ ತೆಗೆದಿಡಿ. ಇಷ್ಟೂ ಆಗುವುದಿಲ್ಲವೆಂದರೆ ಸಾಕುವುದೇ ಬೇಡ.

ಮೂರನೆಯದು, ಬೆಳಗಿನವರೆಗೆ ಕಾಯಬಾರದ ಲಕ್ಷಣಗಳನ್ನು ಮನೆಯವರೆಲ್ಲ ಕಲಿತಿರಬೇಕು. ಬೆಕ್ಕು ಬಾಯಿ ತೆರೆದು ಉಸಿರಾಡುವುದು. ಒಸಡು ಬಿಳಿಚಿಕೊಂಡಿರುವುದು, ನೀಲಿ ಅಥವಾ ಕಂದಾಗಿರುವುದು. ಮೂತ್ರ ಕಟ್ಟಿರುವುದು. ದೊಡ್ಡ ತಳಿಯ ನಾಯಿ ಹೊಟ್ಟೆ ಉಬ್ಬಿ, ವಾಂತಿಗೆ ಓಕರಿಸಿದರೂ ಏನೂ ಹೊರಬಾರದಿರುವುದು. ಆಡು, ಹಸುಗಳ ಎಡಪಕ್ಕೆ ಡೋಲಿನಂತೆ ಬಿಗಿದಿರುವುದು. ಐದು ನಿಮಿಷ ದಾಟಿದ ಸೆಳೆತ. ಒತ್ತಿ ಹಿಡಿದರೂ ನಿಲ್ಲದ ರಕ್ತ. ಮರಿನಾಯಿಗೆ ವಾಂತಿಯ ಜೊತೆಗೆ ನಾರುವ ರಕ್ತಭೇದಿ. ಈ ಕೊನೆಯದು ಹೆಚ್ಚಾಗಿ ಪಾರ್ವೊ ವೈರಸ್. ಮರಿಗೆ ಆರೆಂಟು ವಾರವಾದಾಗ ಶುರುಮಾಡಿ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ ಲಸಿಕೆ ಹಾಕಿಸಿದ್ದರೆ ಬಹುಪಾಲು ತಪ್ಪಿಸಬಹುದಾದ ಸಾವು.

ನಾಲ್ಕನೆಯದು, ಮುಟ್ಟುವ ರೀತಿ. ನೋವಿನಲ್ಲಿರುವ ಪ್ರಾಣಿ ಸಾಕಿದ ಕೈಯನ್ನೇ ಕಚ್ಚುತ್ತದೆ, ಅದು ಕೃತಘ್ನತೆಯಲ್ಲ, ಭಯ. ಬೆಕ್ಕನ್ನು ಟವಲಿನಲ್ಲಿ ಸುತ್ತಿ ಎತ್ತಿಕೊಳ್ಳಿ. ನಾಯಿಯ ಮೂತಿಗೆ ದುಪಟ್ಟಾವನ್ನೋ ಬಟ್ಟೆಯ ಪಟ್ಟಿಯನ್ನೋ ಮೃದುವಾಗಿ ಕಟ್ಟಿ. ಆದರೆ ಅದು ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಕಟ್ಟಲೇಬಾರದು. ವಾಹನ ಬಡಿದ ಪ್ರಾಣಿಯನ್ನು ಕಾಲು ಹಿಡಿದು ಎಳೆಯದೆ ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಬೆಡ್‌ಶೀಟಿನ ಮೇಲೋ ಜಾರಿಸಿ ಎತ್ತಿ. ರಕ್ತ ಸೋರುತ್ತಿದ್ದರೆ ಬಟ್ಟೆ ಇಟ್ಟು ಐದಾರು ನಿಮಿಷ ಒತ್ತಿ ಹಿಡಿಯಿರಿ, ನಿಮಿಷಕ್ಕೊಮ್ಮೆ ಎತ್ತಿ ನೋಡಬೇಡಿ. ಬಿಸಿಲಿನ ಹೊಡೆತಕ್ಕೆ ಕುಸಿದದ್ದಾದರೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಹಾಕುತ್ತಾ ಆಸ್ಪತ್ರೆಗೆ ಒಯ್ಯಿರಿ. ಹಾವು ಕಚ್ಚಿದ್ದಾದರೆ ನಡೆಸಬೇಡಿ, ಎತ್ತಿಕೊಂಡು ಹೋಗಿ. ವಿಷ ತಿಂದದ್ದಾದರೆ ಆ ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ. ಪ್ರಜ್ಞೆಯಿಲ್ಲದ ಪ್ರಾಣಿಯ ಬಾಯಿಗೆ ನೀರನ್ನೂ ಹುಯ್ಯಬೇಡಿ.

ಈ ಗಡಿಬಿಡಿಯಲ್ಲಿ ನಿಮಗೇ ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರುಮಾಡಿ. 'ನಮ್ಮ ಮನೆಯ ನಾಯಿ ತಾನೇ' ಎಂಬ ಮಾತು ರೇಬಿಸ್ ವೈರಸ್ಸಿಗೆ ಅರ್ಥವಾಗುವುದಿಲ್ಲ.

ಇವು ಮನೆಯೊಳಗಿನ ಕೆಲಸಗಳು. ಊರಿನ ಕೆಲಸವೂ ಇದೆ. ಕಾಯಿಲೆ ಕಚೇರಿಯ ವೇಳೆ ನೋಡಿ ಬರುವುದಿಲ್ಲ. ಪ್ರತಿ ತಾಲ್ಲೂಕಿನಲ್ಲಿ ಸರದಿಯಂತೆ ಒಬ್ಬ ಪಶುವೈದ್ಯರು ರಾತ್ರಿ ಲಭ್ಯರಿರಬೇಕು, ಖಾಲಿ ಹುದ್ದೆಗಳು ತುಂಬಬೇಕು, ಆಸ್ಪತ್ರೆಯಲ್ಲಿ ಪ್ರತಿವಿಷ ಮತ್ತು ರೇಬಿಸ್ ಲಸಿಕೆ ಇರಬೇಕು. ಇದನ್ನು ಕೇಳುವ ವೇದಿಕೆ ಗ್ರಾಮಸಭೆ. ರಸ್ತೆ, ಚರಂಡಿ, ಬೀದಿದೀಪದ ಬಗ್ಗೆ ಕೇಳುವ ನಾವು ಇದನ್ನು ಒಮ್ಮೆಯೂ ಕೇಳಿಲ್ಲ. ಕೇಳದೇ ಇದ್ದುದಕ್ಕೇ ಇಲ್ಲ. ರಾತ್ರಿಯೂ ಒಬ್ಬರೇ ದುಡಿಯಲಿ ಎಂದು ನಾವು ಹೇಳುತ್ತಿಲ್ಲ. ಹತ್ತಾರು ಹಳ್ಳಿಗೆ ಒಬ್ಬರೇ ವೈದ್ಯರನ್ನಿಟ್ಟು, ಅವರು ಫೋನ್ ಎತ್ತಲಿಲ್ಲವೆಂದು ಬೈಯುವುದು ಅನ್ಯಾಯ. ಕೇಳಬೇಕಾದದ್ದು ವೈದ್ಯರನ್ನಲ್ಲ, ಹುದ್ದೆ ತುಂಬದವರನ್ನು.

ಜಮಾಅತ್ ಕಮಿಟಿಗಳು, ಯುವಕ ಮಂಡಲಗಳು, ಸ್ತ್ರೀಶಕ್ತಿ ಸಂಘಗಳು ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತವೆ, ಒಳ್ಳೆಯದು. ವರ್ಷಕ್ಕೊಂದು ದಿನ ಊರಿನ ನಾಯಿ ಬೆಕ್ಕುಗಳಿಗೆ ರೇಬಿಸ್ ಲಸಿಕೆ ಶಿಬಿರವನ್ನೂ ಮಾಡಲಿ. ಬಕ್ರೀದ್‌ಗೆ ಹದಿನೈದು ದಿನ ಮುಂಚೆ ಮಸೀದಿಯ ಸೂಚನಾಫಲಕದಲ್ಲಿ 'ಆಡಿಗೆ ಅನ್ನ ಹಾಕಬೇಡಿ, ನೆರಳು ಮತ್ತು ನೀರು ಕೊಡಿ' ಎಂಬ ಒಂದು ಸಾಲು ಬರೆದರೆ ಎಷ್ಟೋ ಪ್ರಾಣಿಗಳ ನರಳಾಟ ತಪ್ಪೀತು. ದೀಪಾವಳಿಗೆ ಮುಂಚೆ ಪಟಾಕಿಯ ಸದ್ದಿಗೆ ಹೆದರಿ ಓಡುವ ನಾಯಿಗಳ ಬಗ್ಗೆ ಬೀದಿಯವರೆಲ್ಲ ಕೂತು ಮಾತಾಡಿದರೆ, ಆ ಮಾತು ನಾಯಿಯ ಮಾತಾಗಿ ಶುರುವಾಗಿ ನೆರೆಹೊರೆಯ ಮಾತಾಗಿ ಮುಗಿದೀತು. ಬಹಳ ದಿನಗಳಿಂದ ಒಟ್ಟಿಗೆ ಕೂರದ ಬೀದಿಗಳಿಗೆ ಅಂಥದೊಂದು ನೆಪವೂ ಬೇಕಾಗಿದೆ.

ನಮ್ಮ ಬೆಕ್ಕನ್ನು ಹಿತ್ತಿಲಿನ ಪೇರಳೆ ಮರದ ಬುಡದಲ್ಲಿ ಹೂತೆವು. ಮಗಳು ಎರಡು ದಿನ ನಮ್ಮ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಬಂದು, 'ನಾವು ಆ ಸಿರಪ್ ಕೊಡದಿದ್ದರೆ ಅದು ಬದುಕುತ್ತಿತ್ತೇ?' ಎಂದು ಕೇಳಿದಳು. ಅವಳಿಗೆ ಸುಳ್ಳು ಹೇಳಲಿಲ್ಲ. ಬಹುಶಃ ಬದುಕುತ್ತಿತ್ತು ಎಂದೆವು. ಆ ಸಂಜೆ ಅವಳೇ ಕೂತು ನಾಲ್ಕು ನಂಬರುಗಳನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಈಗ ಮನೆಯಲ್ಲಿ ಬೆಕ್ಕಿಲ್ಲ, ನಂಬರುಗಳಿವೆ. ನಿಮ್ಮ ಮನೆಯಲ್ಲಿ ಬೆಕ್ಕಿರಬಹುದು, ನಾಯಿಯಿರಬಹುದು, ಆಡಿರಬಹುದು. ನಂಬರುಗಳಿವೆಯೇ?